ಆರು ಹಲ್ಲೋ, ಏಳು ಹಲ್ಲೋ?

ಆಫೀಸಿನ ಗೆಳೆಯನೊಬ್ಬ ಕಳೆದ ವರ್ಷ ಒಂದು ಹಳೇ ಪ್ರೀಮಿಯರ್ ಪದ್ಮಿನಿ ಕೊಂಡ. ಓಡಿಸಲಿಕ್ಕಲ್ಲ, ‘ಬಿಲ್ಡ್’ ಮಾಡಲಿಕ್ಕೆ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಟಾರ್ಪಾಲು ಹೊದ್ದು ಮಲಗಿದ್ದ ಆ ಕಾರಿಗೆ ತಿಂಗಳಿಗೊಂದು ಪಾರ್ಸೆಲ್ ಬರುತ್ತಿತ್ತು. ಕಾರ್ಬ್ಯುರೇಟರ್ ಬದಲಾಯ್ತು, ಕ್ಯಾಮ್ ಬದಲಾಯ್ತು, ಸೈಲೆನ್ಸರ್ ಬದಲಾದ ವಾರ ಅಸೋಸಿಯೇಷನ್‌ನವರಿಂದ ನೋಟಿಸೂ ಬಂತು. ಕೊನೆಗೆ ಒಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಮಜ್ಜಿಗೆ ಕುಡಿಯುತ್ತಾ ಕೇಳಿದ: “ಹಿಂದಿನ ಆಕ್ಸಲ್‌ಗೆ ರೇಶಿಯೋ ಎಷ್ಟು ಹಾಕ್ಸಲಿ? ಇರೋ 4.3 ಇಟ್ಕೊಳ್ಳಲಾ, 4.8ರ ಹತ್ರದ್ದು ಹುಡುಕಲಾ?”

“ಯಾವ ರೋಡಿಗೆ?” ಅಂದೆ.

“ಯಾವ ರೋಡು ಅಂದ್ರೆ? ಎಲ್ಲಾ ರೋಡಿಗೂ. ಪರ್ಫಾರ್ಮೆನ್ಸ್ ಕಾರ್ ಕಣೋ ಇದು.”

ನನಗೆ ನಗು ಬಂತು. ಆ ಪ್ರಶ್ನೆ ನನ್ನದಾಗಿರಲಿಲ್ಲ, ದೊಡ್ಡಪ್ಪಯ್ಯನದು. ಕುಂದಾಪುರದಿಂದ ಘಟ್ಟದ ಮೇಲಕ್ಕೆ ಇಪ್ಪತ್ತು ವರ್ಷದ ಮೇಲೆ ಬಸ್ಸು ಬಿಟ್ಟ ಮನುಷ್ಯ ಅವರು. ‘ರೇಶಿಯೋ’ ಎಂಬ ಶಬ್ದ ಅವರ ಬಾಯಲ್ಲಿ ನಾನು ಕೇಳಿಲ್ಲ. ಅವರಿಗೆ ಅದು ‘ಹಲ್ಲು’. ಗಾಡಿ ಯಾವುದೇ ಇರಲಿ, ಮೊದಲು ಕೇಳುತ್ತಿದ್ದುದು ಎರಡೇ: ಎಷ್ಟು ಹಲ್ಲು? ಯಾವ ರೋಡಿಗೆ?

ಗೇರ್ ಸೈಕಲ್ ತುಳಿದವರಿಗೆ ಇದು ಕಾಲಿಗೇ ಗೊತ್ತಿರುವ ವಿಷಯ. ಹಿಂದಿನ ದೊಡ್ಡ ಚಕ್ರಕ್ಕೆ ಚೈನ್ ಹಾಕಿದರೆ ಏರು ಹತ್ತುತ್ತದೆ, ಆದರೆ ಕಾಲು ಮಿಕ್ಸಿಯ ಹಾಗೆ ತಿರುಗಬೇಕು. ಸಣ್ಣದಕ್ಕೆ ಹಾಕಿದರೆ ಬಯಲಲ್ಲಿ ಹಾರುತ್ತದೆ, ಏರಿನಲ್ಲಿ ಇಳಿದು ತಳ್ಳಬೇಕು. ಹಿಂದಿನ ಚಕ್ರದಿಂದ ಓಡುವ ಕಾರು, ಬಸ್ಸು, ಲಾರಿಗಳಲ್ಲಿ ಗೇರ್‌ಬಾಕ್ಸ್ ಆದ ಮೇಲೆ ಇನ್ನೊಂದು ಗೇರ್ ಇದೆ. ಎಂಜಿನ್ನಿನಿಂದ ಬರುವ ಪ್ರೊಪೆಲ್ಲರ್ ಶಾಫ್ಟಿನ ತುದಿಯಲ್ಲಿ ಒಂದು ಸಣ್ಣ ಪಿನಿಯನ್, ಅದು ತಿರುಗಿಸುವ ದೊಡ್ಡ ಕ್ರೌನ್ ವ್ಹೀಲ್. ಹಿಂದಿನಿಂದ ಬಸ್ಸಿನ ಅಡಿಗೆ ಬಗ್ಗಿ ನೋಡಿದರೆ ಎರಡು ಚಕ್ರಗಳ ನಡುವೆ ಕುಂಬಳಕಾಯಿಯಂಥದ್ದು ಕಾಣುತ್ತದಲ್ಲ, ಅದರ ಹೊಟ್ಟೆಯೊಳಗೆ ಇವೆರಡೂ ಇರುತ್ತವೆ. ಗೇರ್‌ಬಾಕ್ಸಿನ ಗೇರನ್ನು ಡ್ರೈವರ್ ಗಳಿಗೆಗೊಮ್ಮೆ ಬದಲಾಯಿಸಬಹುದು. ಇದನ್ನು ಬದಲಾಯಿಸಬೇಕಾದರೆ ಗಾಡಿ ಗ್ಯಾರೇಜಿನಲ್ಲಿ ಮಲಗಬೇಕು. ಅಂದರೆ ಇದನ್ನು ಆರಿಸುವವನು ಹೆಚ್ಚಿನ ಸಲ ಡ್ರೈವರ್ ಅಲ್ಲ. ನಾನು ಹೇಳಹೊರಟಿರುವ ಕಥೆಯೆಲ್ಲ ಈ ವಾಕ್ಯದಲ್ಲಿದೆ.

ನಮ್ಮ ಕಡೆಯ ರಸ್ತೆಗಳನ್ನು ದಶಕಗಳ ಕಾಲ ಆಳಿದ ಟಾಟಾ ದೊಡ್ಡ ಗಾಡಿಗಳಲ್ಲಿ ಕ್ರೌನಿಗೆ 41 ಹಲ್ಲಿನ ಜೋಡಿಗಳು ಪ್ರಸಿದ್ಧ. ಒಂದರಲ್ಲಿ ಪಿನಿಯನ್ನಿಗೆ 6 ಹಲ್ಲು, ಇನ್ನೊಂದರಲ್ಲಿ 7. ಮೊದಲನೆಯದರ ರೇಶಿಯೋ 6.83, ಎರಡನೆಯದು 5.86. ಒಂದೇ ಒಂದು ಹಲ್ಲು, ಆದರೆ ಎಳೆತದಲ್ಲಿ ಏಳಕ್ಕೆ ಆರರ ವ್ಯತ್ಯಾಸ, ಶೇಕಡಾ 16ಕ್ಕೂ ಹೆಚ್ಚು.

ತೆಗೆದು ನೋಡದೆ ಯಾವ ಹಲ್ಲು ಅಂತ ತಿಳಿಯುವ ಉಪಾಯವೊಂದಿದೆ. ಗಾಡಿಯನ್ನು ನ್ಯೂಟ್ರಲ್‌ನಲ್ಲಿಟ್ಟು, ಹಿಂದಿನ ಒಂದೇ ಬದಿಯನ್ನು ಜಾಕ್ ಕೊಟ್ಟು ಎತ್ತಿ, ಆ ಚಕ್ರವನ್ನು ಎರಡು ಸುತ್ತು ತಿರುಗಿಸಬೇಕು. ಇನ್ನೊಂದು ಚಕ್ರ ನೆಲಕ್ಕೆ ಕಚ್ಚಿಕೊಂಡಿರುವುದರಿಂದ ಡಿಫರೆನ್ಷಿಯಲ್‌ನ ನಿಯಮದ ಪ್ರಕಾರ ಕ್ರೌನ್ ತಿರುಗುವುದು ಒಂದೇ ಸುತ್ತು. ಅಷ್ಟರಲ್ಲಿ ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತು ತಿರುಗಿತು ಅಂತ ಸೀಮೆಸುಣ್ಣದ ಗುರುತು ಹಾಕಿ ಎಣಿಸುವುದು. ತಮಾಷೆ ಏನೆಂದರೆ, ಆರು ಹಲ್ಲಿನದಾದರೆ ಏಳು ಸುತ್ತಿಗೆ ಸ್ವಲ್ಪ ಕಮ್ಮಿ, ಏಳು ಹಲ್ಲಿನದಾದರೆ ಆರು ಸುತ್ತಿಗೆ ಸ್ವಲ್ಪ ಕಮ್ಮಿ! ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರು ಇಲ್ಲಿ ತಪ್ಪದೆ ಬೀಳುತ್ತಾರೆ. ರಜೆಯಲ್ಲಿ ಗ್ಯಾರೇಜಿಗೆ ಹೋಗಿ ಕೂರುತ್ತಿದ್ದ ನಾನೂ ಬಿದ್ದಿದ್ದೆ.

41 ಯಾಕೆ, 42 ಯಾಕಲ್ಲ ಎಂಬುದು ಆಗ ಹೊಳೆದಿರಲಿಲ್ಲ. ಬಿಇ ಓದುವಾಗ ಗೊತ್ತಾಯ್ತು. 41 ಅವಿಭಾಜ್ಯ ಸಂಖ್ಯೆ. ಹಾಗಾಗಿ ಪಿನಿಯನ್ನಿನ ಪ್ರತಿ ಹಲ್ಲೂ ಕ್ರೌನಿನ ಪ್ರತಿ ಹಲ್ಲನ್ನೂ ಸರದಿಯಲ್ಲಿ ಮುಟ್ಟುತ್ತದೆ, ಸವೆತ ಸಮನಾಗಿ ಹಂಚಿಹೋಗುತ್ತದೆ. 42ಕ್ಕೆ 6 ಇಟ್ಟಿದ್ದರೆ ಅದದೇ ಹಲ್ಲುಗಳು ಅದದೇ ಹಲ್ಲುಗಳನ್ನು ಜೀವಮಾನವಿಡೀ ತೇಯುತ್ತಿದ್ದವು. ಹ್ಯಾಶ್ ಟೇಬಲ್ಲಿಗೆ ಅವಿಭಾಜ್ಯ ಸಂಖ್ಯೆಯ ಗಾತ್ರ ಇಡು ಅಂತ ನಮಗೆ ಹೇಳಿಕೊಟ್ಟಿದ್ದರಲ್ಲ, ಹೆಚ್ಚುಕಡಿಮೆ ಅದೇ ಬುದ್ಧಿ.

ಇನ್ನು ರಸ್ತೆ. ಕುಂದಾಪುರ, ಬೈಂದೂರು, ಬ್ರಹ್ಮಾವರ ಈಗ ಮೂರು ತಾಲೂಕು. ಭೂಗೋಳ ಮಾತ್ರ ಒಂದೇ. ಎಡಗಡೆ ಸಮುದ್ರ, ಬಲಗಡೆ ಗೋಡೆ ನಿಲ್ಲಿಸಿದ ಹಾಗೆ ಘಟ್ಟ, ನಡುವೆ ಹೊಳೆಗಳು. ಮೂವರಿಗೂ ಮೇಲೆ ಹೋಗಲು ಒಂದೊಂದು ಮೆಟ್ಟಿಲಿದೆ. ಬ್ರಹ್ಮಾವರದಿಂದ ಹೆಬ್ರಿ, ಸೋಮೇಶ್ವರ ದಾಟಿದರೆ 14 ಹೇರ್‌ಪಿನ್ ತಿರುವಿನ ಆಗುಂಬೆ. ಕುಂದಾಪುರದಿಂದ ಸಿದ್ದಾಪುರ, ಹೊಸಂಗಡಿ ಮೇಲಾಗಿ ಬಾಳೆಬರೆ, ಮೇಲಿನವರ ಬಾಯಲ್ಲಿ ಹುಲಿಕಲ್. ಬೈಂದೂರಿನಿಂದ ಕೊಲ್ಲೂರು, ಅಲ್ಲಿಂದ ನಾಗೋಡಿ. ಆಗುಂಬೆಯ ತಿರುವುಗಳಲ್ಲಿ ದೊಡ್ಡ ಬಸ್ಸಿಗೆ ಜಾಗವಿಲ್ಲ, ಮಿನಿ ಬಸ್ಸೇ ಗತಿ. ಹಾಗಾಗಿ ದೊಡ್ಡ ಗಾಡಿಗಳ ಭಾರವೆಲ್ಲ ಬಾಳೆಬರೆಯ ಮೈಮೇಲೆ.

ಬಾಳೆಬರೆಯ ಏರು ಮೋಟಾರಿಗಿಂತ ಬಹಳ ಹಳೆಯದು. ಮೇಲೆ ಕೆಳದಿ ಅರಸರ ರಾಜಧಾನಿ ಬಿದನೂರು, ಅಂದರೆ ಈಗಿನ ನಗರ. ಕೆಳಗೆ ಅವರ ಬಂದರು ಬಸರೂರು. ನಡುವೆ ಹೇರೆತ್ತುಗಳ ಸಾಲು. 1783ರ ಜನವರಿಯಲ್ಲಿ ಇಂಗ್ಲಿಷ್ ಸೇನಾಧಿಪತಿ ಮ್ಯಾಥ್ಯೂಸ್ ಕುಂದಾಪುರದ ಕಡೆಯಿಂದ ಹೊಸಂಗಡಿ ಘಾಟಿ ಹತ್ತಿಯೇ ಬಿದನೂರು ಹಿಡಿದ. ಅದೇ ವರ್ಷ ಟಿಪ್ಪು ವಾಪಸ್ ಹಿಡಿದು ಅವನನ್ನು ಸೆರೆಗೆ ಹಾಕಿದ್ದು ಬೇರೆ ಕಥೆ. ಹೇರೆತ್ತಿನವನಿಗೂ ರೇಶಿಯೋ ಗೊತ್ತಿತ್ತು ಅಂತ ನನ್ನ ಅಂದಾಜು. ಬಯಲಿನಲ್ಲಿ ಗಾಡಿಗೆ ಕಟ್ಟುವ ಎತ್ತನ್ನು ಘಟ್ಟದಲ್ಲಿ ಗಾಡಿ ಬಿಡಿಸಿ, ಬೆನ್ನ ಮೇಲೆ ಸ್ವಲ್ಪವೇ ಹೇರಿ, ಹೆಚ್ಚು ಹೆಜ್ಜೆ ಹಾಕಿಸುವುದು ಅಂದರೆ ಆರು ಹಲ್ಲು ಹಾಕಿದಂತೆಯೇ ಅಲ್ಲವೇ?

ಮೋಟಾರು ಬಂದದ್ದು ದಕ್ಷಿಣದಿಂದ. ಮಂಗಳೂರಿನಲ್ಲಿ 1914ರಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿ, ನಮ್ಮ ಹಿರಿಯರ ಬಾಯಲ್ಲಿ ಸಿಪಿಸಿ, ಶುರುವಾಯ್ತು. ಆಗ ಇದು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆ. ರೈಲಿನ ಮಾತೇ ಇಲ್ಲ. ಕೊಂಕಣ ರೈಲು ಪೂರ್ತಿ ಓಡತೊಡಗಿದ್ದು 1998ರಲ್ಲಿ. ಅಲ್ಲಿಯ ತನಕ ನಮ್ಮ ಊರಿಗೆ ಜಗತ್ತು ಬಂದದ್ದೂ, ನಮ್ಮ ಊರಿನವರು ಬೊಂಬಾಯಿಗೆ ಹೋಟೆಲು ಕೆಲಸಕ್ಕೆ ಹೊರಟದ್ದೂ ಬಸ್ಸಿನಲ್ಲೇ.

ಆ ಮೊದಲ ಬಸ್ಸುಗಳಿಗೆ ವೇಗ ಬೇಕೇ ಇರಲಿಲ್ಲ. ಉಡುಪಿಯಿಂದ ಉತ್ತರಕ್ಕೆ ಹೊರಟರೆ ಕಲ್ಯಾಣಪುರದಲ್ಲಿ ಸ್ವರ್ಣಾ ನದಿ, ಬ್ರಹ್ಮಾವರ ದಾಟಿದ ಮೇಲೆ ಮಾಬುಕಳದಲ್ಲಿ ಸೀತಾನದಿ, ಕುಂದಾಪುರ ಮುಗಿದ ಕೂಡಲೇ ಐದು ಹೊಳೆ ಸೇರುವ ಪಂಚಗಂಗಾವಳಿ. ಸೇತುವೆ ಆಗುವ ತನಕ ಹೊಳೆ ಬಂದಲ್ಲಿ ಇಳಿಯಬೇಕು, ದೋಣಿ ಹತ್ತಬೇಕು, ಆಚೆ ದಡದಲ್ಲಿ ಇನ್ನೊಂದು ಬಸ್ಸು ಹಿಡಿಯಬೇಕು. ಎರಡು ಹೊಳೆಯ ನಡುವಿನ ತುಂಡು ರಸ್ತೆ, ಅದೂ ಮಣ್ಣಿನದು. ಅಲ್ಲಿ ಗಂಟೆಗೆ 80 ಕಿಲೋಮೀಟರ್ ಓಡಿ ಏನು ಸಾಧಿಸುವುದು? ದೋಣಿಯವನು ಊಟಕ್ಕೆ ಹೋಗಿದ್ದರೆ ಮುಗಿಯಿತು. ಬಸ್ಸಿಗೆ ಬೇಕಾದದ್ದು ಕೆಸರಿನಿಂದ ಏಳುವ ಎಳೆತ.

ಆ ಕಾಲದ ಅಮೆರಿಕನ್ನರಿಗೂ ಇದೇ ಸಂಕಟವಿತ್ತು. ಫೋರ್ಡ್ ಮಾಡೆಲ್ ಟಿ ಕಾರಿಗೆ ಹಿಂದೆ 40ಕ್ಕೆ 11 ಹಲ್ಲು, ರೇಶಿಯೋ 3.64. ಗೇರ್ ಇದ್ದದ್ದು ಎರಡೇ. ಬೆಟ್ಟದ ಊರಿನವರಿಗೆ ಒಂದು ಸಾಲದು, ಇನ್ನೊಂದು ಜಾಸ್ತಿ. ಅದಕ್ಕೇ ರಕ್‌ಸ್ಟೆಲ್ ಎಂಬ ಎರಡು ವೇಗದ ಆಕ್ಸಲ್ ಹುಟ್ಟಿಕೊಂಡಿತು. ಲಿವರ್ ಎಳೆದರೆ ಆಕ್ಸಲ್ಲೇ ಗೇರ್ ಬದಲಾಯಿಸುತ್ತದೆ. ಮುಂದೆ ಈಟನ್ ಕಂಪನಿ ಲಾರಿಗಳಿಗೂ ಇಂಥದ್ದೇ ಮಾಡಿತು. ಒಂದೇ ಗಾಡಿಗೆ ಬಯಲಿನ ಹಲ್ಲೂ, ಬೆಟ್ಟದ ಹಲ್ಲೂ. ನನ್ನ ಗೆಳೆಯ ಕೇಳಿದ ‘ಎಲ್ಲಾ ರೋಡಿಗೂ’ ಎಂಬುದಕ್ಕೆ ನೂರು ವರ್ಷದ ಹಿಂದೆಯೇ ಉತ್ತರವಿತ್ತು, ಆದರೆ ಅದು ತೂಕದ್ದು, ದುಬಾರಿ, ರಿಪೇರಿಗೆ ತಲೆನೋವು.

ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲ್ ರೇಷನ್ ಆದಾಗ ಬಸ್ಸಿನ ಹಿಂಬದಿಗೆ ಡಬ್ಬಿ ಕಟ್ಟಿ, ಇದ್ದಿಲು ಉರಿಸಿ, ಆ ಗ್ಯಾಸಿನಲ್ಲಿ ಎಂಜಿನ್ ಓಡಿಸಿದ್ದನ್ನು ಅಜ್ಜ ಹೇಳುತ್ತಿದ್ದರು. ಇದ್ದಿಲ ಗ್ಯಾಸಿನಲ್ಲಿ ಎಂಜಿನ್ನಿನ ಶಕ್ತಿ ಮೂರರಲ್ಲಿ ಒಂದು ಪಾಲಾದರೂ ಬಿದ್ದುಹೋಗುತ್ತದೆ. ಏರು ಬಂದರೆ ಜನ ಇಳಿದು ನಡೆಯುವುದು, ಕೆಲವೊಮ್ಮೆ ತಳ್ಳುವುದು. ಟಿಕೆಟ್ ಕೊಟ್ಟು ಬಸ್ಸು ತಳ್ಳಿದ ತಲೆಮಾರು ಅದು.

ಆಮೇಲೆ ಎರಡು ಬದಲಾವಣೆ ಒಟ್ಟೊಟ್ಟಿಗೆ ಬಂದವು. ಒಂದು, ಸ್ವಾತಂತ್ರ್ಯದ ನಂತರ ಹೊಳೆಗಳಿಗೆ ಒಂದೊಂದಾಗಿ ಬಿದ್ದ ಸೇತುವೆಗಳು. ಇನ್ನೊಂದು, ಡೀಸೆಲ್ ಎಂಜಿನ್. ಟಾಟಾದವರು 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಕೂಡಿ ಗಾಡಿ ಮಾಡತೊಡಗಿದರು. 15 ವರ್ಷದ ಆ ಒಪ್ಪಂದ 1969ರಲ್ಲಿ ಮುಗಿದು ಮೂತಿಯ ಮೇಲಿನ ನಕ್ಷತ್ರ ಹೋಗಿ ‘ಟಿ’ ಬಂತು. ನಮ್ಮೂರಿನವರು ಮಾತ್ರ ಅದಾದ ಎಷ್ಟೋ ವರ್ಷ ‘ಬೆಂಜ್ ಬಸ್ಸು’ ಅಂತಲೇ ಕರೆದರು. ತುಂಡು ತುಂಡಾಗಿದ್ದ ಕರಾವಳಿ ರಸ್ತೆ ಸೇರಿಕೊಂಡು ರಾಷ್ಟ್ರೀಯ ಹೆದ್ದಾರಿ 17 ಆಯ್ತು, ಈಗಿನ 66. ಮರವಂತೆಯಲ್ಲಿ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕೆ, ನಡುವೆ ಗೆರೆ ಎಳೆದ ಹಾಗೆ ರಸ್ತೆ. ಬೈಂದೂರು ದಾಟಿ ಒತ್ತಿನೆಣೆಯ ಏರು ಬಿಟ್ಟರೆ ಗೇರ್ ಇಳಿಸುವ ಕೆಲಸವೇ ಇಲ್ಲ.

ಇಲ್ಲಿ ಏಳು ಹಲ್ಲಿನ ಕಾಲ ಶುರು. ಲೆಕ್ಕ ನೋಡಿ. 9.00-20 ಟೈರು ಒಂದು ಸುತ್ತಿಗೆ ಸುಮಾರು 3.1 ಮೀಟರ್ ಹೋಗುತ್ತದೆ. ಆ ಕಾಲದ ಟಾಟಾ ಡೀಸೆಲ್ ಎಂಜಿನ್ ನಿಮಿಷಕ್ಕೆ 2800 ಸುತ್ತಿಗಿಂತ ಮೇಲೆ ಹೋಗದು. ಟಾಪ್ ಗೇರಿನಲ್ಲಿ ಆರು ಹಲ್ಲಿನ ಬಸ್ಸಿಗೆ ದಕ್ಕುವುದು ಹೆಚ್ಚೆಂದರೆ ಗಂಟೆಗೆ 76 ಕಿಲೋಮೀಟರ್, ಏಳು ಹಲ್ಲಿನದಕ್ಕೆ 89. ಸುಮ್ಮನೆ 60ರಲ್ಲಿ ಹೋಗುವಾಗಲೂ ಮೊದಲನೆಯದರ ಎಂಜಿನ್ 2200 ಸುತ್ತು ಕೂಗುತ್ತಿದ್ದರೆ ಎರಡನೆಯದು 1900ರಲ್ಲಿ ಗುಂಯ್‌ಗುಡುತ್ತದೆ. ಡೀಸೆಲ್ ಉಳಿತಾಯ, ಎಂಜಿನ್ ಬಾಳಿಕೆ, ಮೇಲೆ ವೇಗ. ಮಾಲಿಕನಿಗೆ ಇನ್ನೇನು ಬೇಕು?

ವೇಗದ ಹಿಂದೆ ಇನ್ನೊಂದು ಕಾರಣವಿತ್ತು. ಮೈಸೂರು ಕಡೆ ಬಸ್ಸುಗಳು ಸರ್ಕಾರದ್ದಾದರೂ ನಮ್ಮ ಜಿಲ್ಲೆಯಲ್ಲಿ ಖಾಸಗಿಯವರದ್ದೇ ದರ್ಬಾರು ಮುಂದುವರಿಯಿತು. ಒಂದೇ ರೂಟಿಗೆ ನಾಲ್ಕು ಕಂಪನಿ, ನಾಲ್ಕು ನಿಮಿಷಕ್ಕೊಂದು ಬಸ್ಸು. ಮುಂದಿನವನು ಎರಡು ನಿಮಿಷ ತಡ ಮಾಡಿದರೆ ಹಿಂದಿನವನ ಜನ ಅವನಿಗೆ. ‘ಟೈಮ್’ ಎಂಬ ಶಬ್ದಕ್ಕೆ ನಮ್ಮ ಬಸ್‌ಸ್ಟ್ಯಾಂಡುಗಳಲ್ಲಿ ಜಗಳ ಎಂಬ ಅರ್ಥವೂ ಇದೆ. ಮಂಗಳೂರು–ಕುಂದಾಪುರ ಎಕ್ಸ್‌ಪ್ರೆಸ್ಸಿನ ಡ್ರೈವರ್ ನಮ್ಮ ಬಾಲ್ಯದ ಹೀರೋ. ಅವನು ಎಷ್ಟು ನಿಮಿಷದಲ್ಲಿ ತಂದ ಅಂತ ನಾವು ಕ್ರಿಕೆಟ್ ಸ್ಕೋರಿನ ಹಾಗೆ ಮಾತಾಡುತ್ತಿದ್ದೆವು. ಆ ಸ್ಕೋರಿನ ಅಡಿಯಲ್ಲಿ ಯಾರ್ಯಾರು ಸಿಕ್ಕಿ ಸತ್ತರು ಎಂಬುದನ್ನು ಮಕ್ಕಳಿಗೆ ಯಾರೂ ಹೇಳುತ್ತಿರಲಿಲ್ಲ.

ದೊಡ್ಡಪ್ಪಯ್ಯ ಹೀರೋ ಆಗಿರಲಿಲ್ಲ. ಅವರದು ಘಾಟಿ ರೂಟು. ಬೆಳಿಗ್ಗೆ ಮೇಲೆ, ಸಂಜೆ ಕೆಳಗೆ. ನಾನು ಹುಟ್ಟುವ ಸ್ವಲ್ಪ ಮೊದಲು ನಡೆದದ್ದು ಇದು. ಹೊಸಂಗಡಿಯಲ್ಲಿ ವಾರಾಹಿ ಯೋಜನೆಯ ಭೂಗತ ವಿದ್ಯುದಾಗಾರದ ಕೆಲಸ ನಡೆಯುತ್ತಿದ್ದ ಕಾಲ, ರಸ್ತೆ ತುಂಬ ಲಾರಿ. ಅವರ ಕಂಪನಿಯವರು ಹೆದ್ದಾರಿಯಲ್ಲಿ ಓಡುತ್ತಿದ್ದ ಬಸ್ಸೊಂದನ್ನು ಘಾಟಿಗೆ ಹಾಕಿದರು. ಆಕ್ಸಲ್ ಮುಟ್ಟಲಿಲ್ಲ. ಕ್ರೌನ್-ಪಿನಿಯನ್ ಜೋಡಿಯಾಗಿಯೇ ಬದಲಾಯಿಸಬೇಕು, ಒಂದಕ್ಕೊಂದು ಉಜ್ಜಿ ಹೊಂದಿಸಿದ ಜೋಡಿ ಅದು. ಬಣ್ಣ ಹಚ್ಚಿ ಹಲ್ಲಿನ ಅಚ್ಚು ನೋಡಿ, ಕೂದಲೆಳೆಯಷ್ಟು ದಪ್ಪದ ಶಿಮ್ ಇಟ್ಟು ಕೂರಿಸಬೇಕು. ಎರಡು ದಿನದ ಕಲೆಕ್ಷನ್ ಹೋಗುತ್ತದೆ. ಹತ್ತುವಾಗ ಬಸ್ಸು ಎಳೆಯುವುದಿಲ್ಲ ಅಂತ ದೊಡ್ಡಪ್ಪಯ್ಯ ಎರಡು ಸಲ ಹೇಳಿದರಂತೆ. “ಹತ್ತುತ್ತದಲ್ಲ?” ಅಂತ ಉತ್ತರ. ಹತ್ತುತ್ತಿತ್ತು. ಸೆಕೆಂಡಿನಲ್ಲಿ ಹತ್ತುವ ಕಡೆ ಫಸ್ಟಿನಲ್ಲಿ ಏದುಸಿರು ಬಿಟ್ಟುಕೊಂಡು ಹತ್ತುತ್ತಿತ್ತು.

“ಹತ್ತುಕೆ ಎಂಜಿನ್ ಸಾಕ್ ಮಾಣಿ, ಇಳುಕೆ ಹಲ್ಲ್ ಬೇಕ್” ಅಂತ ಅವರು ನನಗೆ ಹೇಳಿದ್ದು ಎಷ್ಟೋ ವರ್ಷದ ಮೇಲೆ. ಆಗ ನನಗೆ ಅರ್ಥವಾಗಿರಲಿಲ್ಲ. ಈಗ ಎಕ್ಸೆಲ್ ಶೀಟಿನಲ್ಲಿ ಹಾಕಿ ನೋಡಿದೆ. ಒರಟು ಲೆಕ್ಕ, ಆದರೆ ದಿಕ್ಕು ಸರಿಯಿದೆ.

ಹತ್ತು ಟನ್ನಿನ ಬಸ್ಸು, ನೂರಕ್ಕೆ ಏಳರ ಇಳಿಜಾರು, ಗಂಟೆಗೆ 16 ಕಿಲೋಮೀಟರ್ ವೇಗ ಅಂತಿಟ್ಟುಕೊಳ್ಳಿ. ಈ ವೇಗ ಹೆಚ್ಚದಂತೆ ಹಿಡಿದುಕೊಂಡಿರಲು ಯಾರೋ ಒಬ್ಬರು ಸುಮಾರು 26 ಕಿಲೋವ್ಯಾಟ್ ನುಂಗುತ್ತಲೇ ಇರಬೇಕು. ಆರು ಹಲ್ಲಿನ ಬಸ್ಸು ಸೆಕೆಂಡ್ ಗೇರಿನಲ್ಲಿದ್ದರೆ ಎಂಜಿನ್ 2400 ಸುತ್ತು ತಿರುಗುತ್ತಾ, ಆಕ್ಸಿಲರೇಟರ್ ಬಿಟ್ಟಿದ್ದರೂ ತನ್ನ ಒಳಗಿನ ತಿಕ್ಕಾಟದಿಂದಲೇ 20ರಷ್ಟನ್ನು ನುಂಗುತ್ತದೆ. ಬ್ರೇಕಿಗೆ ಉಳಿಯುವುದು 6. ಈಗ ಏಳು ಹಲ್ಲು ಹಾಕಿ. ಅದೇ ವೇಗಕ್ಕೆ ಎಂಜಿನ್ 2060 ಸುತ್ತೇ ತಿರುಗುತ್ತದೆ. ನಿಧಾನ ತಿರುಗುವ ಎಂಜಿನ್ ನುಂಗುವುದೂ ಕಮ್ಮಿ, ಸುಮಾರು 15. ಬ್ರೇಕಿಗೆ ಉಳಿಯುವುದು 11. ಹಲ್ಲಿನಲ್ಲಿ ಆರಕ್ಕೆ ಏಳರ ವ್ಯತ್ಯಾಸ, ಬ್ರೇಕ್ ಡ್ರಮ್ಮಿನ ಬಿಸಿಯಲ್ಲಿ ಹತ್ತಿರ ಹತ್ತಿರ ಎರಡು ಪಟ್ಟು. ಅದೂ ಅರ್ಧ ಗಂಟೆ ಒಂದೇ ಸಮನೆ. ಬ್ರೇಕ್ ಕಾದಷ್ಟೂ ಹಿಡಿತ ಬಿಡುತ್ತದೆ, ಹಿಡಿತ ಬಿಟ್ಟಷ್ಟೂ ವೇಗ, ವೇಗ ಹೆಚ್ಚಿದಷ್ಟೂ ಬಿಸಿ. ಫಸ್ಟಿಗೆ ಹಾಕೋಣ ಅಂದರೆ ಫಸ್ಟಿಗೂ ಸೆಕೆಂಡಿಗೂ ನಡುವೆ ಹತ್ತಿರ ಎರಡು ಪಟ್ಟು ಅಂತರ. ಓಡುವ ಬಸ್ಸಿನಲ್ಲಿ ಇಳಿಜಾರಿನ ನಡುವೆ ಅದು ಬೀಳುವುದಿಲ್ಲ. ನ್ಯೂಟ್ರಲ್‌ನಲ್ಲಿ ಸಿಕ್ಕಿಬಿದ್ದರೆ ಎಂಜಿನ್ ನುಂಗುತ್ತಿದ್ದ 15 ಕೂಡ ಹೋಯಿತು.

ಒಂದು ಜೂನ್ ಸಂಜೆ ಹಾಗೇ ಆಯ್ತು. ಮಳೆ, ನಲವತ್ತು ಜನ, ಮೇಲೆ ಕ್ಯಾರಿಯರ್ ತುಂಬ ಅಡಿಕೆ ಮೂಟೆ. ಅರ್ಧ ಘಾಟಿ ಇಳಿಯುವಾಗ ಸುಟ್ಟ ವಾಸನೆ, ಪೆಡಲ್ ಮೆಟ್ಟಿದರೆ ಕಲ್ಲು ಮೆಟ್ಟಿದ ಹಾಗೆ, ಗಾಡಿ ನಿಲ್ಲಲೊಲ್ಲದು. ದೊಡ್ಡಪ್ಪಯ್ಯ ಕಣಿವೆಯ ಬದಿ ಬಿಟ್ಟು ಗುಡ್ಡದ ಬದಿಗೆ ಎಳೆದು, ಚರಂಡಿಗೆ ಚಕ್ರ ಇಳಿಸಿ, ಧರೆಗೆ ಮೈ ಉಜ್ಜಿಸುತ್ತಾ ನಿಲ್ಲಿಸಿದರು. ಇಬ್ಬರ ಕೈ ಮುರಿಯಿತು. ಯಾರೂ ಸಾಯಲಿಲ್ಲ. ಎಡಬದಿ ಪೂರ್ತಿ ಕಿತ್ತುಹೋಗಿತ್ತು.

ಕಂಪನಿಯವರು ‘ಅಜಾಗರೂಕ ಚಾಲನೆ’ ಅಂತ ಬರೆದು ಮನೆಗೆ ಕಳಿಸಿದರು. ಬಾಡಿ ರಿಪೇರಿಯ ಖರ್ಚಿನ ಒಂದು ಪಾಲು ಸಂಬಳದಲ್ಲಿ ಹಿಡಿದರು. ಹೊರಡುವ ಮೊದಲು ದೊಡ್ಡಪ್ಪಯ್ಯ ಗ್ಯಾರೇಜಿಗೆ ಹೋಗಿ, ಮೇಸ್ತ್ರಿಯನ್ನು ಕರೆದು, ಒಂದು ಬದಿ ಜಾಕ್ ಕೊಡಿಸಿ, ಚಕ್ರ ಎರಡು ಸುತ್ತು ತಿರುಗಿಸಿದರು. ಶಾಫ್ಟ್ ಆರು ಸುತ್ತಿಗೆ ಸ್ವಲ್ಪ ಕಮ್ಮಿ. ಹೋಗಿ ಆಫೀಸಿನಲ್ಲಿ ಹೇಳಿದರು: “ಏಳ್ ಹಲ್ಲಿನ ಗಾಡಿ ಘಾಟಿಗೆ ಕಳ್ಸಿರಿ.” ಗುಮಾಸ್ತ ತಲೆ ಎತ್ತಿ “ಹಲ್ಲಾ?” ಅಂದನಂತೆ. ಆ ‘ಹಲ್ಲಾ’ ಅನ್ನು ದೊಡ್ಡಪ್ಪಯ್ಯ ಇವತ್ತಿಗೂ ಅವನ ಧ್ವನಿಯಲ್ಲೇ ಹೇಳಿ ತೋರಿಸುತ್ತಾರೆ.

ಆರು ಹಲ್ಲಿದ್ದಿದ್ದರೆ ಅಪಘಾತ ಆಗುತ್ತಲೇ ಇರಲಿಲ್ಲವಾ? ಹಾಗೆ ಆಣೆ ಹಾಕಲಾರೆ. ಬ್ರೇಕ್ ಲೈನಿಂಗ್ ಹಳೆಯದಿರಬಹುದು, ಲೋಡ್ ಜಾಸ್ತಿ ಇತ್ತು, ಇಳಿಯಲು ಶುರು ಮಾಡುವ ಮೊದಲೇ ಫಸ್ಟಿಗೆ ಹಾಕಬಹುದಿತ್ತು ಅಂತ ಅವರೇ ಒಪ್ಪುತ್ತಾರೆ. ಆದರೆ ಫಸ್ಟಿನಲ್ಲಿ ತೆವಳಿಕೊಂಡು ಇಳಿದರೆ ‘ಟೈಮ್’ ತಪ್ಪುತ್ತದೆ, ತಪ್ಪಿದ ಟೈಮಿಗೆ ದಂಡ ಡ್ರೈವರಿನದ್ದು. ಪ್ರೊಡಕ್ಷನ್ ಸರ್ವರ್ ಬಿದ್ದಾಗ ‘ರೂಟ್ ಕಾಸ್’ ಬರೆಯುತ್ತೇವಲ್ಲ ನಾವು, ಅಲ್ಲಿ ಕೊನೆಯ ಕಮಿಟ್ ಮಾಡಿದವನ ಹೆಸರು ಬರೆದು ಮುಗಿಸಿದ ಹಾಗಾಯ್ತು ಇದು. ಹಲ್ಲು ಆರಿಸಿದವರು ಒಬ್ಬರು, ಟೈಮ್ ಆರಿಸಿದವರು ಇನ್ನೊಬ್ಬರು, ಸ್ಟೇರಿಂಗ್ ಹಿಡಿದವನು ಮೂರನೆಯವನು.

ಈ ಮೂವರೂ ಒಬ್ಬರೇ ಆಗಿದ್ದ ಒಂದು ಪ್ರಯೋಗವೂ ನಮ್ಮ ಘಟ್ಟದಲ್ಲೇ ನಡೆಯಿತು ಎಂಬುದನ್ನು ಇಲ್ಲಿ ನೆನೆಯಲೇಬೇಕು. ಕೊಪ್ಪದ ಶಂಕರ್ ಕಂಪನಿಯ ಬಸ್ಸುಗಳು ನಿಂತಾಗ ಅಲ್ಲಿನ ಕಾರ್ಮಿಕರೇ ಸೇರಿ 1991ರಲ್ಲಿ ಸಹಕಾರ ಸಾರಿಗೆ ಕಟ್ಟಿದರು. ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕು ಎಲ್ಲರೂ ಮಾಲಿಕರು. ಸುಮಾರು ಮೂರು ದಶಕ ಮಲೆನಾಡಿನಿಂದ ಕರಾವಳಿಗೆ ಆ ಬಸ್ಸುಗಳು ಇಳಿದವು, ಹತ್ತಿದವು. ಡೀಸೆಲ್ ಬೆಲೆ, ಸಾಲ, ತೆರಿಗೆಯ ಭಾರಕ್ಕೆ 2020ರಲ್ಲಿ ನಿಂತುಹೋಯಿತು. ದೊಡ್ಡಪ್ಪಯ್ಯ ಆ ಬಸ್ಸು ಕಂಡರೆ ಸಾಕು ಕೈ ಎತ್ತುತ್ತಿದ್ದರು, ಹತ್ತಲಿಕ್ಕಲ್ಲ, ಸುಮ್ಮನೆ.

ಹಲ್ಲಿನ ಮಾತು ಮುಗಿಸುವ ಮೊದಲು ಕೊಡಚಾದ್ರಿಯ ಜೀಪು. 1343 ಮೀಟರಿನ ಆ ಶಿಖರಕ್ಕೆ ಕೊಲ್ಲೂರಿನಿಂದ ಜೀಪಿನಲ್ಲಿ ಹೋದವರಿಗೆ ಸೊಂಟದ ನೋವಿನ ಜೊತೆ ಒಂದು ಆಶ್ಚರ್ಯವೂ ಉಳಿದಿರುತ್ತದೆ: ಇದು ಹೇಗೆ ಹತ್ತಿತು? ಮಹೀಂದ್ರಾದವರು ಅಮೆರಿಕದ ವಿಲ್ಲಿಸ್ ಜೀಪಿನ ಮಾದರಿಯಲ್ಲೇ ಮಾಡಿದ ಹಳೇ ಪೆಟ್ರೋಲ್ ಜೀಪಿನ ಆಕ್ಸಲ್‌ನಲ್ಲಿ 43ಕ್ಕೆ 8 ಹಲ್ಲು. 43 ಕೂಡ ಅವಿಭಾಜ್ಯ, ನೋಡಿ! ಫಸ್ಟ್ ಗೇರಿನ 2.8, ಟ್ರಾನ್ಸ್‌ಫರ್ ಕೇಸಿನ ಲೋ ಗೇರಿನ 2.46, ಆಕ್ಸಲ್‌ನ 5.38, ಮೂರನ್ನೂ ಗುಣಿಸಿದರೆ 37. ಎಂಜಿನ್ 37 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ಎಂಜಿನ್ 2000 ಸುತ್ತಿನಲ್ಲಿ ಕಿರುಚುತ್ತಿದ್ದರೂ ಜೀಪಿನ ವೇಗ ಗಂಟೆಗೆ ಏಳು ಕಿಲೋಮೀಟರ್. ಬಿರುಸಾಗಿ ನಡೆಯುವವನು ಪಕ್ಕದಲ್ಲೇ ಮಾತಾಡುತ್ತಾ ಹೋಗಬಹುದು. ನನ್ನ ಪ್ರಕಾರ ನಮ್ಮ ಮೂರು ತಾಲೂಕಿನ ನಿಜವಾದ ಪರ್ಫಾರ್ಮೆನ್ಸ್ ಕಾರು ಇದೇ. ಗೆಳೆಯ ಒಪ್ಪಲಿಲ್ಲ, ಬಿಡಿ.

ಅವನಿಗೆ ಅವನ ಭಾಷೆಯಲ್ಲೇ ಹೇಳಿದೆ. ಮದ್ರಾಸಿನ ಹತ್ತಿರ ಶೋಲಾವರಂನ ಹಳೇ ವಿಮಾನ ಪಟ್ಟಿಯಲ್ಲಿ ರೇಸು ಓಡಿದ ಕಾರುಗಳಲ್ಲಿ ಇದೇ ಫಿಯೆಟ್ ಇತ್ತು. ಅಂಥ ಉದ್ದ ಪಟ್ಟಿಯಲ್ಲಿ ನೋಡಬೇಕಾದದ್ದು ಒಂದೇ: ಆ ನೇರ ದಾರಿ ಮುಗಿಯುವ ಹೊತ್ತಿಗೆ ಎಂಜಿನ್ ತನ್ನ ಅತಿ ಹೆಚ್ಚು ಶಕ್ತಿಯ ಸುತ್ತಿಗೆ ಸರಿಯಾಗಿ ತಲುಪಬೇಕು. ಮೊದಲೇ ತಲುಪಿದರೆ ಉಳಿದ ದಾರಿಯೆಲ್ಲ ಬರೀ ಕೂಗಾಟ, ತಲುಪದೇ ಇದ್ದರೆ ಕೊಟ್ಟ ಕುದುರೆಯನ್ನು ಓಡಿಸದ ಹಾಗೆ. ಪದ್ಮಿನಿಯ ಟೈರು ಸುತ್ತಿಗೆ 1.8 ಮೀಟರ್ ಹೋಗುತ್ತದೆ. 5000 ಸುತ್ತಿನಲ್ಲಿ 4.3ಕ್ಕೆ ಗಂಟೆಗೆ 125 ಕಿಲೋಮೀಟರ್, 4.8ಕ್ಕೆ 112. ಗುಡ್ಡ ಹತ್ತುವ ಸ್ಪರ್ಧೆಗಾದರೆ 112 ಧಾರಾಳ. ಆ ವೇಗವೇ ಬರದು, ಎಳೆತ ಮಾತ್ರ ಉಳಿಯುತ್ತದೆ. ಹೆದ್ದಾರಿಯಲ್ಲಿ ಊರಿಗೆ ಹೋಗಲಿಕ್ಕಾದರೆ 4.8 ಕಿವಿಗೆ ಶಿಕ್ಷೆ. ಎರಡೂ ಬೇಕು ಅನ್ನುವವನಿಗೆ ಫಿಯೆಟ್‌ನವರು 43ಕ್ಕೆ 10 ಹಲ್ಲು ಇಟ್ಟು ಕಳಿಸಿದ್ದಾರೆ. ಅವರೇನು ದಡ್ಡರಲ್ಲ.

ಕೊನೆಗೆ 4.3 ಉಳಿಯಿತು. ಡಿಸೆಂಬರಿನಲ್ಲಿ ಆ ಪದ್ಮಿನಿಯಲ್ಲೇ ಇಬ್ಬರೂ ಶಿವಮೊಗ್ಗ, ನಗರ ಮೇಲಾಗಿ ಊರಿಗೆ ಹೋದೆವು. ಬಾಳೆಬರೆಯನ್ನು ಸೆಕೆಂಡ್ ಗೇರಿನಲ್ಲೇ ಇಳಿಸು ಅಂತ ನಾನು ಹಠ ಮಾಡಿದ್ದಕ್ಕೆ ಅವನಿಗೆ ಸ್ವಲ್ಪ ಮುನಿಸಿತ್ತು.

ದೊಡ್ಡಪ್ಪಯ್ಯನ ಮನೆ ರಸ್ತೆ ಬದಿಯಲ್ಲೇ. ಎಂಬತ್ತು ದಾಟಿದೆ, ಮಂಡಿ ನೋವು. ಜಗಲಿಯಲ್ಲಿ ಕೂತು ಸಂಜೆ ಬಸ್ಸುಗಳ ಶಬ್ದ ಕೇಳುವುದು ಅಭ್ಯಾಸ. ಮೊದಲೆಲ್ಲ ತಿರುವಿನಾಚೆ ಇರುವಾಗಲೇ ಇದು ಆರು, ಅದು ಏಳು ಅಂತ ಹೇಳಿಬಿಡುತ್ತಿದ್ದರು. ಈಗಿನ ಆರು ಗೇರಿನ, ಕಂಪ್ಯೂಟರ್ ಇರುವ ಎಂಜಿನ್ನುಗಳ ಶಬ್ದ ಅವರಿಗೆ ತಿಳಿಯುವುದಿಲ್ಲ. “ಎಂತದೋ, ಗೊತ್ತಾತಿಲ್ಲ” ಅಂತ ಕೈ ಆಡಿಸುತ್ತಾರೆ. ಪದ್ಮಿನಿ ಅಂಗಳಕ್ಕೆ ಬಂದ ಕೂಡಲೇ ಮಾತ್ರ ಕೋಲು ಊರಿಕೊಂಡು ಎದ್ದರು. ಜಾಕ್ ತರಿಸಿದರು. ಗೆಳೆಯನ ಕೈಯಲ್ಲೇ ಚಕ್ರ ತಿರುಗಿಸಿದರು. ನಾನು ಅಂಗಾತ ಮಲಗಿ ಶಾಫ್ಟ್ ಎಣಿಸಿದೆ. ಎರಡು ಸುತ್ತಿಗೆ ನಾಲ್ಕು ಚಿಲ್ಲರೆ.

“ಯಾವ ರೋಡಿಗೆ ಇದ್?” ಅಂತ ಕೇಳಿದರು.

ಗೆಳೆಯ ಈ ಸಲ ‘ಎಲ್ಲಾ ರೋಡಿಗೂ’ ಅನ್ನಲಿಲ್ಲ. ಸ್ವಲ್ಪ ಯೋಚಿಸಿ, “ದಿನಾ ಓಡಿಸೋದು ಬೆಂಗಳೂರಿನ ಔಟರ್ ರಿಂಗ್ ರೋಡಲ್ಲಿ” ಅಂದ. ಅದೆಂಥ ರಸ್ತೆ ಅಂತ ದೊಡ್ಡಪ್ಪಯ್ಯ ನನ್ನ ಮುಖ ನೋಡಿದರು. ಸಂಜೆ ಹೊತ್ತು ಲೋಡ್ ಹಾಕಿಕೊಂಡು ಬಾಳೆಬರೆ ಹತ್ತಿದ ಹಾಗೆ, ಫಸ್ಟು ಸೆಕೆಂಡು, ಫಸ್ಟು ಸೆಕೆಂಡು ಅಂತ ವಿವರಿಸಿದೆ.

“ಹಂಗಾರೆ ಆರ್ ಹಲ್ಲೇ ಸೈ” ಅಂದು ಒಳಗೆ ಚಹಾ ಹೇಳಲು ಹೋದರು.